ನೀರು ಬಿಡುವ ಹಜರತಅಲಿಯ ವಿಮಾನ

ನಮ್ಮ ರಾಣೇಬೆನ್ನೂರಿನ ಕಡೆ ವಿಮಾನ ಎರಡು ಥರದ್ದು. ಒಂದು ಹೆಗಲ ಮೇಲೆ ಹೋಗುತ್ತದೆ, ಇನ್ನೊಂದು ತಲೆಯ ಮೇಲೆ. ಹೆಗಲ ಮೇಲೆ ಹೋಗುವುದು ನಮ್ಮ ಲಿಂಗಾಯತರ ಮನೆಯದು. ಯಾರಾದರೂ ತೀರಿಕೊಂಡರೆ ನಾವು ಮಲಗಿಸಿ ಒಯ್ಯುವುದಿಲ್ಲ. ಕೂಡಿಸಿ, ಹಣೆಗೆ ವಿಭೂತಿ ಬಳಿದು, ತಲೆಗೆ ರುಮಾಲು ಸುತ್ತಿ, ಬಿದಿರು ಬಾಳೆದಿಂಡಿನಿಂದ ಕಟ್ಟಿದ ಮಂಟಪದಲ್ಲಿಟ್ಟು ಹೊತ್ತುಕೊಂಡು ಹೋಗುತ್ತೇವೆ. ಆ ಮಂಟಪಕ್ಕೆ ವಿಮಾನ ಎಂದು ಹೆಸರು. ಫೋಟೋ ಸ್ಟುಡಿಯೋ ಇಟ್ಟುಕೊಂಡ ನನ್ನಂಥವನಿಗೆ ಮದುವೆ ಎಷ್ಟೋ ವಿಮಾನವೂ ಅಷ್ಟೇ. ಬದುಕಿದ್ದಾಗ ಒಂದು ದಿನವೂ ಕ್ಯಾಮೆರಾದ ಮುಂದೆ ನೆಟ್ಟಗೆ ನಿಲ್ಲದವರು ಸತ್ತ ಮೇಲೆ ಬಹಳ ಚೆನ್ನಾಗಿ ಕೂಡುತ್ತಾರೆ. ಅಲುಗಾಡುವುದಿಲ್ಲ, ಕಣ್ಣು ಮಿಟುಕಿಸುವುದಿಲ್ಲ. ಇದು ಚೇಷ್ಟೆಯಲ್ಲ, ಕಸಬಿನ ಮಾತು.

ತಲೆಯ ಮೇಲೆ ಹೋಗುವ ವಿಮಾನದ ಬಗ್ಗೆ ನನಗೆ ಯಾವತ್ತೂ ಆಸ್ಥೆ ಇರಲಿಲ್ಲ. ಅದು ಹಜರತಅಲಿಯ ಪಾಲಿನದು.

ಹಜರತಅಲಿ ಪುರಸಭೆಯಲ್ಲಿ ನೀರು ಬಿಡುವ ಕೆಲಸದವನು. ಊರ ಹೊರಗಿನ ದಿನ್ನೆಯ ಮೇಲೆ ನೀರಿನ ಟಾಕಿ, ಅದರ ಬುಡದಲ್ಲಿ ಒಂದು ಖೋಲಿ, ಆ ಖೋಲಿಯಲ್ಲಿ ಅವನೊಬ್ಬನೇ. ಬೆಳಿಗ್ಗೆ ಟಾಕಿ ಏರಿ ನೀರೆಷ್ಟಿದೆ ಎಂದು ನೋಡುವುದು, ಇಳಿದು ಬಂದು ವಾಲ್ವ್ ತಿರುವುವ ಉದ್ದನೆಯ ಕಬ್ಬಿಣದ ಚಾವಿ ಹೆಗಲಿಗಿಟ್ಟು ಓಣಿ ಓಣಿ ತಿರುಗಿ ನೀರು ಬಿಡುವುದು, ಮತ್ತೆ ಅದೇ ಓಣಿಗಳಲ್ಲಿ ತಿರುಗಿ ಬಂದ್ ಮಾಡುವುದು. ನೀರು ಬಂದರೆ ಅವನ ನೆನಪು ಯಾರಿಗೂ ಆಗುತ್ತಿರಲಿಲ್ಲ. ಬರದಿದ್ದರೆ ಇಡೀ ಓಣಿ ಅವನ ಹೆಸರು ಹಿಡಿದು ಕೂಗುತ್ತಿತ್ತು. ಅವನ ಹೆಸರನ್ನು ಊರಿನವರು ಸಿಟ್ಟಿಲ್ಲದೆ ಕರೆದದ್ದನ್ನು ನಾನು ಕೇಳಿದ್ದು ಕಡಿಮೆ.

ಅವನ ಹೆಂಡತಿ ರೋಷನಬಿ ಮದುವೆಯಾದ ಮೂರನೆಯ ವರ್ಷಕ್ಕೆ ಜ್ವರ ಬಂದು ತೀರಿಹೋದಳು. ಮಕ್ಕಳಿರಲಿಲ್ಲ. ಮತ್ತೊಂದು ಮದುವೆಯ ಮಾತು ತೆಗೆದವರ ಎದುರು ಅವನು ಎದ್ದು ಹೋಗಿಬಿಡುತ್ತಿದ್ದ. ಅವಳದೊಂದು ಫೋಟೋ ಸಹ ಇರಲಿಲ್ಲ. ಹಾವೇರಿಯ ಅವಳ ತವರಿನವರು ಮದುವೆಯಲ್ಲಿ ಫೋಟೋ ಬೇಡವೇ ಬೇಡ ಎಂದಿದ್ದರು. ಆ ಮದುವೆಗೆ ಕ್ಯಾಮೆರಾ ಹೊತ್ತುಕೊಂಡು ಹೋಗಿ, ಬಿರಿಯಾನಿಯ ವಾಸನೆ ಕುಡಿದು, ಎಲೆ ಅಡಿಕೆ ಹಾಕಿಕೊಂಡು ಬಂದ ದಾರಿಗೆ ಸುಂಕವಿಲ್ಲದಂತೆ ವಾಪಸಾದವನು ನಾನೇ.

ತನ್ನವರು ಎಂದು ಅವನಿಗೆ ಉಳಿದಿದ್ದವಳು ಬ್ಯಾಡಗಿಯಲ್ಲಿದ್ದ ಅಕ್ಕ ಶರೀಫಾಬಿ ಒಬ್ಬಳೇ. ಅವಳದು ಮೆಣಸಿನಕಾಯಿ ತೊಟ್ಟು ಮುರಿಯುವ ಕೆಲಸ. ಬೆಳಿಗ್ಗೆ ರಾಶಿಯ ಮುಂದೆ ತಗ್ಗಿಸಿದ ತಲೆ ಸಂಜೆಗೇ ಎತ್ತುವುದು. ಹಬ್ಬಕ್ಕೆ ಹಜರತಅಲಿ ಪ್ಯಾಸೆಂಜರ್ ರೈಲು ಹತ್ತಿ ಅವಳಲ್ಲಿಗೆ ಹೋಗುತ್ತಿದ್ದ. ಬ್ಯಾಡಗಿಯಿಂದ ಬಂದವರನ್ನು ಗುರುತು ಹಿಡಿಯುವುದು ಸುಲಭ. ಕಣ್ಣು ಕೆಂಪಗೆ, ಮೂಗಿನಲ್ಲಿ ನೀರು. ಅತ್ತಿದ್ದಾರೋ ಘಾಟು ಹತ್ತಿದೆಯೋ ಯಾರಿಗೂ ತಿಳಿಯುವುದಿಲ್ಲ.

ಕ್ಯಾಮೆರಾ ಅವನ ಕೈಗೆ ಬಂದದ್ದು ನೀರಿನಿಂದಲೇ. ಎಂಬತ್ತಾರರ ಬೇಸಿಗೆ. ಆಗ ಕಪ್ಪು ಬಿಳುಪಿನ ಫೋಟೋಗಳನ್ನು ನಾನೇ ಕತ್ತಲೆ ಕೋಣೆಯಲ್ಲಿ ತೊಳೆದು ತೆಗೆಯುತ್ತಿದ್ದೆ. ಅದಕ್ಕೆ ನೀರು ಬಹಳ ಬೇಕು. ನಮ್ಮ ಓಣಿಯ ನಳ ಬತ್ತಿದ ದಿನಗಳಲ್ಲಿ ಹಜರತಅಲಿ ಸೈಕಲ್ಲಿಗೆ ಎರಡು ಕೊಡ ಕಟ್ಟಿಕೊಂಡು ತಂದು ಕೊಡುತ್ತಿದ್ದ. ಒಂದು ದಿನ ಕೊಡ ಇಳಿಸಿದವನು ಹೋಗದೆ ಕೆಂಪು ದೀಪದ ಕೆಳಗೆ ನಿಂತ. ಔಷಧಿಯ ತಾಟಿನಲ್ಲಿ ಬರೀ ಕಾಗದವಾಗಿದ್ದದ್ದು ನೋಡನೋಡುತ್ತ ಮದುಮಗಳಾಯಿತು. ಅವನು ಕಣ್ಣು ಕೀಳಲಿಲ್ಲ.

"ಚನ್ನಬಸಣ್ಣ, ಜಹಾಜಿನ ಫೋಟೋನೂ ಹಿಂಗ ಬರತದೇನು?"

"ಯಾವ ಜಹಾಜೋ? ತುಂಗಭದ್ರಾದಾಗ ಹಡಗ ಬಿಟ್ಟಾರೇನು?" ಎಂದೆ.

"ಅಲ್ಲ, ನೀವು ವಿಮಾನ ಅಂತೀರಲ್ಲ, ಅದು. ಟಾಕಿ ಮ್ಯಾಲೆ ದಿನಾ ಹೋಗತದ."

ಅವರ ಮನೆಮಾತು ಉರ್ದು. ಮನೆಯಲ್ಲಿ ಜಹಾಜ್, ನಮ್ಮೊಡನೆ ವಿಮಾನ. ಮುಂಬೈಯಿಂದ ಬೆಂಗಳೂರಿಗೆ ಹೋಗುವ ವಿಮಾನಗಳು ನಮ್ಮ ನೆತ್ತಿಯ ಮೇಲೆಯೇ ಹಾದು ಹೋಗುತ್ತವೆ ಎಂದು ನನಗೆ ತಿಳಿದದ್ದು ಅವನಿಂದ. ಊರಿನಲ್ಲಿ ಅಷ್ಟು ಮೇಲೆ ನೋಡುವಷ್ಟು ಪುರುಸೊತ್ತು ಇನ್ಯಾರಿಗಿತ್ತು?

"ಬರಾಕ ಏನ ಧಾಡಿ? ಕ್ಯಾಮೆರಾ ಬೇಕು, ಉದ್ದನ ಲೆನ್ಸ್ ಬೇಕು, ತಲಿಯಾಗ ಸ್ವಲ್ಪ ಮಿದುಳ ಬೇಕು" ಎಂದೆ.

ಮೊದಲಿನ ಎರಡು ನನ್ನ ಬಳಿ ಬಿದ್ದಿದ್ದವು. ರಷ್ಯಾ ದೇಶದ ಹಳೆಯ ಕ್ಯಾಮೆರಾ, ಇಟ್ಟಂಗಿಯಷ್ಟು ಭಾರ. ಜೊತೆಗೆ ದೂರದ್ದನ್ನು ಹತ್ತಿರ ತರುವ ಲೆನ್ಸ್. ಮದುವೆಗೆಂದು ಕೊಂಡಿದ್ದೆ. ನಮ್ಮ ಹಂದರಗಳಲ್ಲಿ ಅದನ್ನು ಹಾಕಿದರೆ ಮದುಮಗನ ಮೂಗೊಂದೇ ಬರುತ್ತಿತ್ತು. ಅವನ ಕಾಟ ತಾಳಲಾರದೆ ಅರ್ಧ, ಅವನ ನೀರಿನ ಋಣಕ್ಕೆ ಅರ್ಧ, ಎರಡನ್ನೂ ಅವನ ಕೈಗಿತ್ತೆ. ಫಿಲ್ಮನ್ನು ನಾವು ದೊಡ್ಡ ಸುರುಳಿಯಿಂದ ಕತ್ತರಿಸಿ ಡಬ್ಬಿಗೆ ತುಂಬಿಕೊಳ್ಳುತ್ತಿದ್ದೆವು. ಕೊನೆಗೆ ಐದಾರು ಚಿತ್ರದಷ್ಟು ತುಂಡು ಉಳಿಯುತ್ತಿತ್ತು. ಆ ತುಂಡು ಅವನದು ಎಂದು ಮಾತಾಯಿತು. ಹೀಗಾಗಿ ತಿಂಗಳಿಗೊಮ್ಮೆ, ಕೆಲವು ಸಲ ಎರಡು ತಿಂಗಳಿಗೊಮ್ಮೆ ಅವನ ಕಲಿಕೆ ನಡೆಯುತ್ತಿತ್ತು.

ಮೊದಲ ತುಂಡಿನಲ್ಲಿ ಬರೀ ಆಕಾಶ ಬಂತು. "ಇತ್ತು, ನಾ ಖರೇ ನೋಡೇನಿ" ಎಂದು ವಾದ ಮಾಡಿದ.

"ಇತ್ತು, ಹೋತು. ನೀ ಗುಂಡಿ ಒತ್ತೂದರಾಗ ಅದು ದಾವಣಗೇರಿ ದಾಟಿರತೈತಿ."

ಮುಂದಿನದರಲ್ಲಿ ಒಂದು ಚುಕ್ಕೆ ಬಂತು. ಅದನ್ನು ದೊಡ್ಡದು ಮಾಡಿಸಿಕೊಂಡು ಬ್ಯಾಡಗಿಗೆ ಹೋದ. ಮೆಣಸಿನಕಾಯಿ ರಾಶಿಯ ಮುಂದೆ ಕೂತಿದ್ದ ಶರೀಫಾಬಿ ನೋಡಿ, "ಇದೇನೋ, ಬೀಜ ಅಂಟೇತಲ್ಲ" ಎಂದು ಉಗುರಿನಿಂದ ಕೆರೆದಳಂತೆ. ಚುಕ್ಕೆ ಹೋಗಲಿಲ್ಲ, ಕಾಗದ ಹರಿಯಿತು.

"ವಿಮಾನ ಅಂತ ಹೇಳಬೇಕಿಲ್ಲೇನೋ" ಎಂದೆ.

"ಹೇಳಬಾರದು. ಹೇಳಿದ ಮ್ಯಾಲೆ ಎಲ್ಲಾರಿಗೂ ಕಾಣತದ. ಜಹಾಜ್ ಅಂತ ಅಕಿನ ಬಾಯಿಲೆ ಬರಬೇಕು."

ಅವನಿಗೆ ಬೇಕಾಗಿದ್ದದ್ದು ಇಷ್ಟೇ. ಬಹುಮಾನ ಬೇಡ, ಪೇಪರಿನಲ್ಲಿ ಬರುವುದು ಬೇಡ. ಹಗಲೆಲ್ಲ ತಲೆ ತಗ್ಗಿಸಿ ಕೂಡುವ ಅಕ್ಕ ಒಮ್ಮೆ ಆ ಕಾಗದ ನೋಡಿ, ಯಾರೂ ಹೇಳದೆ, ಇದು ಏನೆಂದು ತಾನಾಗಿ ಹೇಳಬೇಕು. ಇದರ ಸಲುವಾಗಿ ಆ ಮನುಷ್ಯ ಎರಡು ವರ್ಷಕ್ಕೂ ಹೆಚ್ಚು ಒದ್ದಾಡಿದ.

ಒದ್ದಾಡಿದ ಎಂದರೆ ಸುಮ್ಮನೆ ಅಲ್ಲ. ಆ ಲೆನ್ಸಿನ ಬಳೆಯನ್ನು ಕೊನೆಯವರೆಗೆ ತಿರುವಿದರೆ ದೂರದ್ದು ಸ್ಪಷ್ಟವಾಗಬೇಕು, ಆಗುತ್ತಿರಲಿಲ್ಲ. ಲೆನ್ಸ್ ಹಳೆಯದು, ಕೊನೆಯನ್ನೂ ದಾಟಿ ತಿರುಗುತ್ತಿತ್ತು. ಅದು ನನಗೂ ಗೊತ್ತಿರಲಿಲ್ಲ. ಅವನು ಟಾಕಿಯ ಮೇಲೆ ಕೂತು ದೂರದ ದೇವರಗುಡ್ಡದ ಗುಡಿಯ ಶಿಖರ ನೋಡುತ್ತ ಬಳೆಯನ್ನು ಕೂದಲೆಳೆಯಷ್ಟು ಹಿಂದಕ್ಕೆ ತಂದು, ಸರಿಯಾದ ಜಾಗ ಸಿಕ್ಕಿದ ಕೂಡಲೇ ಬಿಳಿ ಬಣ್ಣದ ಬೊಟ್ಟಿಟ್ಟ. ಚುಕ್ಕೆ ಆಗ ಸ್ವಲ್ಪ ಗಟ್ಟಿಯಾಯಿತು. ಆದರೆ ಬಿಳಿ ಆಕಾಶದಲ್ಲಿ ಬಿಳಿ ವಿಮಾನ, ಅನ್ನದಲ್ಲಿ ಹರಳು ಹುಡುಕಿದ ಹಾಗೆ. ಲೆನ್ಸಿನ ಬಾಯಿಗೆ ಕೆಂಪು ಗಾಜು ಹಾಕಿದರೆ ನೀಲಿ ಆಕಾಶ ಕಪ್ಪಗೆ ಬರುತ್ತದೆ ಎಂದು ಹೇಳಿಕೊಟ್ಟೆ.

"ಕೆಂಪು ಹಾಕಿದ್ರ ಕಪ್ಪ ಹೆಂಗ ಆಗತದ? ಮಷ್ಕಿರಿ ಮಾಡಬ್ಯಾಡ" ಎಂದ.

ಅಂಚು ಸೀಳಿದ್ದ ಒಂದು ಕೆಂಪು ಗಾಜು ಕೊಟ್ಟೆ. ಮುಂದಿನ ಸಲ ಆಕಾಶ ಇದ್ದಿಲಿನ ಹಾಗೆ ಬಂತು, ಅದರಲ್ಲಿ ಬೆಳ್ಳಗೆ ಏನೋ ಒಂದು ಹಾರುತ್ತಿತ್ತು. ಬ್ಯಾಡಗಿಗೆ ಹೋಗಿ ಬಂದವನ ಮುಖ ಅರಳಿತ್ತು.

"ಕೊಕ್ಕರಿ ಏನು ಅಂತ ಕೇಳಿದ್ಲು, ಚನ್ನಬಸಣ್ಣ. ಬೀಜ ಹೋಗಿ ಪಕ್ಷಿ ಆತು. ರೆಕ್ಕಿ ಬಂದಾವ ನೋಡು."

ರೆಕ್ಕೆ ಬಂದಿದ್ದವು ನಿಜ, ಆದರೆ ಅಲುಗಿದ್ದವು. ಹೊಸಬರೆಲ್ಲ ಮಾಡುವ ತಪ್ಪನ್ನೇ ಅವನೂ ಮಾಡುತ್ತಿದ್ದ. ಗುಂಡಿ ಒತ್ತುವ ಗಳಿಗೆಯಲ್ಲಿ ಕೈ ನಿಲ್ಲಿಸುತ್ತಿದ್ದ. ಓಡುವುದರ ಜೊತೆ ಕ್ಯಾಮೆರಾವೂ ಓಡಬೇಕು, ಒತ್ತಿದ ಮೇಲೂ ಅದರ ಹಿಂದೆ ಹೋಗುತ್ತಲೇ ಇರಬೇಕು. ಇದನ್ನು ಬಾಯಿಯಲ್ಲಿ ಹೇಳಬಹುದು, ಕೈಗೆ ಹೇಳುವುದು ಕಷ್ಟ. ಅವನು ಫಿಲ್ಮಿಲ್ಲದ ಕ್ಯಾಮೆರಾ ಹಿಡಿದು ಸೈಕಲ್ಲು, ಚಕ್ಕಡಿ, ಗಾಳಿಪಟಗಳ ಬೆನ್ನು ಹತ್ತಿದ. ಮೊಣಕೈಗಳನ್ನು ಮೊಣಕಾಲಿಗೆ ಊರಿ, ಬಿಸ್ಮಿಲ್ಲಾ ಎಂದು ಉಸಿರು ಹಿಡಿದು, ಹೋಗುವವರ ಬೆನ್ನ ಹಿಂದೆ ಮೆಲ್ಲಗೆ ಕುತ್ತಿಗೆ ತಿರುಗಿಸುವುದು. ನೋಡಿದವರು ನಕ್ಕರು. ಊರಿನಲ್ಲಿ ಅವನಿಗೆ ವಿಮಾನದ ಸಾಬ ಎಂದು ಹೆಸರು ಬಿತ್ತು.

ಒಂದು ಸಂಜೆ ನಾನೂ ಟಾಕಿ ಏರಿದೆ. ಒಂದೇ ಸಲ ಏರಿದ್ದು. ನನಗೆ ಎತ್ತರ ಆಗಿಬರುವುದಿಲ್ಲ, ನಡುವೆ ಏಣಿ ತಬ್ಬಿ ನಿಂತು ಅವನ ಹೆಸರು ಹಿಡಿದು ಬೈದೆ. ಮೇಲೆ ಗಾಳಿ, ಕೆಳಗೆ ಊರಿನ ಹಂಚುಗಳು. ಮಾತಿನ ಸದ್ದೇ ಇಲ್ಲ. ಒಂದು ಗೋಣಿಚೀಲ, ಒಂದು ತಂಬಿಗೆ ನೀರು, ಅವನು ಕೂತು ಕೂತು ನುಣ್ಣಗಾದ ಒಂದು ಜಾಗ. ನನ್ನನ್ನು ಗೋಣಿಚೀಲದ ಮೇಲೆ ಕೂಡಿಸಿ ತಾನು ಸಿಮೆಂಟಿನ ಮೇಲೆ ಕೂತ.

"ಯಾಕ ಬೇಕೋ ನಿನಗ ಇದು?" ಎಂದೆ.

ಅವನು ನೀರಿನ ತಂಬಿಗೆಯನ್ನು ನನ್ನ ಕಡೆ ಸರಿಸಿದ. ಆಮೇಲೆ, "ರೋಷನಬಿ ಹೋದ ವರ್ಷ ಇಲ್ಲೇ ಬಂದು ಕುಂದರತಿದ್ದೆ. ಕೆಳಗ ಖೋಲಿಯಾಗ ಕುಂದರಾಕ ಆಗತಿರಲಿಲ್ಲ. ಮಾತಾಡಸಾವ್ರು ಯಾರಿಲ್ಲ. ಇದೊಂದು ದಿನಾ ಬರತಿತ್ತು" ಎಂದ. "ಅದರಾಗ ಮಂದಿ ಕುಂತಿರತಾರ. ಇಲ್ಲೊಬ್ಬ ನೋಡಾಕತ್ತಾನಂತ ಅವರಿಗೇನ ಗೊತ್ತು? ಗೊತ್ತಾಗೂದು ಬ್ಯಾಡ. ನಾ ನೋಡೇನಿ ಅನ್ನೂದಕ್ಕ ಒಂದು ಗುರುತು ಬೇಕಲ್ಲ."

ನಾನು ಅವನನ್ನು ಗೇಲಿ ಮಾಡಲೆಂದೇ ಏರಿ ಹೋದವನು. ಅವತ್ತಿನ ವಿಮಾನ ದಾಟುವವರೆಗೂ ಅವನ ಜೊತೆ ಕೂತೆ. ಕೆಳಗಿಳಿದು ಮನೆಗೆ ಹೋದಾಗ ತಡವಾಯಿತೆಂದು ಹೆಂಡತಿ ಬೈದಳು. ಬೈಯಲಿ ಎಂದು ಸುಮ್ಮನೆ ಕೂತು ಪೂರ್ತಿ ಕೇಳಿದೆ.

ಎಂಬತ್ತೆಂಟರ ಹಿಂಗಾರಿನಲ್ಲಿ ಹತ್ತಿಗೆ ಹುಳ ಬಿತ್ತು. ಹೊಲಗಳಿಗೆ ಔಷಧಿ ಹೊಡೆಯಲು ಸಣ್ಣ ವಿಮಾನ ಬರುತ್ತದೆ, ಹೊಳೆಯ ದಂಡೆಯಲ್ಲಿ ಇಳಿಯುತ್ತದೆ ಎಂದು ಊರಿನಲ್ಲಿ ಸುದ್ದಿ. ಹಜರತಅಲಿಗೆ ನಿದ್ದೆ ಹತ್ತಲಿಲ್ಲ. ಬೀಜದಷ್ಟು, ಕೊಕ್ಕರೆಯಷ್ಟು ಕಂಡದ್ದು ಈಗ ಕೈಗೆಟುಕುವಷ್ಟು ಹತ್ತಿರ ಬರುತ್ತದೆ. ಕ್ಯಾಮೆರಾಕ್ಕೆ ಫಿಲ್ಮಿನ ತುಂಡು ಹಾಕಿಸಿಕೊಂಡು, ಚೀಲದಲ್ಲಿಟ್ಟು, ನೀರು ಬಿಡಲು ಹೋಗುವಾಗಲೂ ಹೆಗಲಿಗೆ ಹಾಕಿಕೊಂಡೇ ತಿರುಗಿದ. ಒಂದು ಹೆಗಲಿಗೆ ಚಾವಿ, ಇನ್ನೊಂದಕ್ಕೆ ಕ್ಯಾಮೆರಾ.

ಅಂಥ ದಿನಗಳಲ್ಲೇ ಒಮ್ಮೆ ನಾನು ಹಾವೇರಿಯಲ್ಲಿ ಮದುವೆಗೆ ಹೋಗಿದ್ದೆ. ಸ್ಟುಡಿಯೋದ ಬಾಗಿಲಿಗೆ ಕೀಲಿ ಹಾಕಿತ್ತು. ಮಧ್ಯಾಹ್ನ ಹೊಳೆದಂಡೆಯ ಐರಣಿಯಿಂದ ಒಬ್ಬ ಲೂನಾ ಮೊಪೆಡ್ಡಿನ ಮೇಲೆ ಬಂದು, ಕೀಲಿ ನೋಡಿ, ಪಕ್ಕದ ಸೈಕಲ್ ಅಂಗಡಿಯ ಇಸ್ಮಾಯಿಲಸಾಬನನ್ನು, "ವಿಮಾನದ ಫೋಟೋ ತಗಿಯಾವ್ರು ಎಲ್ಲಿ ಹೋಗ್ಯಾರ್ರಿ?" ಎಂದು ಕೇಳಿದ.

"ವಿಮಾನದ ಫೋಟೋ ತಗಿಯಾವ ಅಲ್ಲೇ ಅದಾನಲ್ರಿ" ಎಂದು ಇಸ್ಮಾಯಿಲಸಾಬ ಓಣಿಯ ತುದಿಗೆ ಕೈ ಮಾಡಿದ. ಅಲ್ಲಿ ಹಜರತಅಲಿ ಬಗ್ಗಿ ನೀರು ಬಂದ್ ಮಾಡುತ್ತಿದ್ದ.

ಬಂದವನು ಅವನ ಹತ್ತಿರ ಹೋಗಿ, "ಐರಣಿಯಿಂದ ಬಂದೇನ್ರಿ. ವಿಮಾನ ತಯಾರಾಗಿ ನಿಂತೈತಿ. ಒಂದು ಫೋಟೋ ಆಗಬೇಕಿತ್ತು. ಲಗೂ ನಡೀರಿ" ಎಂದ.

ಹಜರತಅಲಿ ಚಾವಿಯನ್ನು ಇಸ್ಮಾಯಿಲಸಾಬನ ಅಂಗಡಿಯಲ್ಲಿ ಎಸೆದು ಲೂನಾ ಏರಿದ. ಎದುರು ಗಾಳಿ, ಲೂನಾದ ಸದ್ದು. ಇಬ್ಬರೂ ಕೂಗಿ ಕೂಗಿ ಮಾತಾಡಿದರು.

"ಭಾಳ ದೊಡ್ಡದೇನ್ರಿ?"

"ದೊಡ್ಡದೇನಲ್ರಿ. ನಮ್ಮ ಅನುಕೂಲದಷ್ಟು."

"ಎಷ್ಟು ಮಂದಿ ಕುಂದರತಾರ?"

ಲೂನಾದವನು ಹಿಂದಿರುಗಿ ಒಮ್ಮೆ ನೋಡಿದ. "ಒಬ್ಬರ ಅಲ್ಲೇನ್ರಿ ಕುಂದ್ರೂದು?"

ಸರಿಯೇ, ಔಷಧಿ ಹೊಡೆಯುವ ವಿಮಾನದಲ್ಲಿ ನಡೆಸುವವನೊಬ್ಬನೇ ಕೂಡುತ್ತಾನೆ ಎಂದು ಹಜರತಅಲಿ ಕೇಳಿದ್ದ. "ಎಷ್ಟೊತ್ತಿಗೆ ಏಳತದ?"

"ಸ್ವಾಮ್ಯಾರ ಬರೂದ ತಡ, ಎದ್ದಬಿಡತೈತಿ."

ವಿಮಾನ ನಡೆಸುವವನ ಹೆಸರು ಸ್ವಾಮಿ ಇರಬೇಕು ಎಂದುಕೊಂಡನಂತೆ. ದಾರಿಯುದ್ದಕ್ಕೂ ಆ ಸ್ವಾಮಿಯನ್ನು ಏನು ಕೇಳಬೇಕು, ರೆಕ್ಕೆಯ ಮೇಲೆ ಕೈಯಿಟ್ಟು ನೋಡಲು ಬಿಡುತ್ತಾನೋ ಇಲ್ಲವೋ ಎಂದು ಯೋಚನೆ ಮಾಡುತ್ತ ಹೋದ. ಐರಣಿಯ ಓಣಿ ಹೊಕ್ಕ ಮೇಲೆ ತಾಳದ ಸದ್ದು ಕೇಳಿಸಿತು. ಭಜನೆ. ತಿರುವಿನಲ್ಲಿ ಜನ. ಜನರ ನಡುವೆ ಬಾಳೆದಿಂಡು, ಚೆಂಡು ಹೂವು, ಮೇಲೆ ಕಳಸ, ಒಳಗೆ ರುಮಾಲು ಸುತ್ತಿಕೊಂಡು ಕೂತ ಒಬ್ಬ ಮುದುಕ. ಹಜರತಅಲಿ ಹುಟ್ಟಿ ಬೆಳೆದದ್ದು ಈ ಸೀಮೆಯಲ್ಲೇ. ಇಂಥ ವಿಮಾನಕ್ಕೆ ದಾರಿ ಬಿಟ್ಟು ನಿಂತು ಕೈ ಮುಗಿದದ್ದು ಎಷ್ಟು ಸಲವೋ. ಆ ಹೊತ್ತಿಗೆ ಮಾತ್ರ ಭೂಮಿ ಬಾಯಿ ಬಿಡಬಾರದೇ ಅನಿಸಿತಂತೆ.

ಹಿಂದಕ್ಕೆ ಸರಿಯುವಷ್ಟರಲ್ಲಿ ತೀರಿಕೊಂಡವನ ಹೆಂಡತಿ ಫಕ್ಕೀರವ್ವ ಬಂದು ಅವನ ಕೈ ಹಿಡಿದುಕೊಂಡಳು. ಲೂನಾದವನು ಅವಳ ತಮ್ಮನ ಮಗ.

"ನಾ ಸ್ಟುಡಿಯೋದವ ಅಲ್ಲವ್ವಾ" ಎಂದು ಹಜರತಅಲಿ ತೊದಲಿದ. "ನಾ ತಗಿಯೂದು ಬ್ಯಾರೆ ವಿಮಾನ."

"ಯಾವುದರ ಆಗಲಿ ಯಪ್ಪಾ. ಇವರದೊಂದು ಫೋಟೋ ಇಲ್ಲ ನನ್ನ ಕಡೆ. ನಾಳೆ ಮಾರಿ ಮರತ ಹೋದ್ರ ನಾ ಏನ ಮಾಡ್ಲಿ?"

ಅವನು ಹೂಂ ಎಂದು ಕೈ ಬಿಡಿಸಿಕೊಂಡು ಓಡಿದ. ಓಡಿದ್ದು ತಪ್ಪಿಸಿಕೊಳ್ಳಲಲ್ಲ. ಆ ಲೆನ್ಸಿಗೆ ಹತ್ತಿರದವರು ಕಾಣುವುದಿಲ್ಲ, ದೂರ ಹೋಗಲೇಬೇಕು. ಮಣ್ಣು ಮಾಡುವ ಜಾಗಕ್ಕೆ ಹೋಗುವ ದಾರಿ ಹೊಳೆಯ ಎತ್ತರದ ದಂಡೆಯ ಮೇಲಿತ್ತು. ಇವನು ಕೆಳಗಿನ ತಗ್ಗಿಗೆ ಇಳಿದು, ಕಲ್ಲಿನ ಮೇಲೆ ಕೂತು, ಮೊಣಕೈಗಳನ್ನು ಮೊಣಕಾಲಿಗೆ ಊರಿದ. ಮಠದ ಸ್ವಾಮಿಗಳು ಬಂದರು, ವಿಮಾನ ಎದ್ದಿತು. ಆಕಾಶವನ್ನು ಹಿಂದಿಟ್ಟುಕೊಂಡು, ಹೆಗಲಿಂದ ಹೆಗಲಿಗೆ ತೂಗುತ್ತ ದಂಡೆಯ ಮೇಲೆ ಬಂತು. ಇವನು ಉಸಿರು ಹಿಡಿದು ಅದರ ಜೊತೆಗೇ ಕುತ್ತಿಗೆ ತಿರುಗಿಸುತ್ತ, ಕೈ ನಿಲ್ಲಿಸದೆ, ಇದ್ದ ಐದನ್ನೂ ಒತ್ತಿದ. ಕೆಂಪು ಗಾಜು ತೆಗೆಯುವುದು ಮರೆತೇ ಹೋಗಿತ್ತು.

ಮರುದಿನ ಇದನ್ನೆಲ್ಲ ಕೇಳಿ ನಾನು ಕತ್ತಲೆ ಕೋಣೆಯಲ್ಲಿ ಹೊಟ್ಟೆ ಹಿಡಿದುಕೊಂಡು ನಕ್ಕೆ. "ಮಣ್ಣಿನ ಮನಿಗೆ ಹೋಗಿ ಪೈಲಟ್ಟನ್ನ ಹುಡುಕಿದ್ಯಲ್ಲೋ" ಎಂದೆ. ಅವನು ನಗಲಿಲ್ಲ.

"ಆ ಅವ್ವ ಹೇಳಿದ್ದು ಖರೇ ಅದ, ಚನ್ನಬಸಣ್ಣ. ಮಾರಿ ಮರೀತದ. ರೋಷನಬಿ ಕೈ ನೆನಪ ಅದ, ದನಿ ನೆನಪ ಅದ. ಮಾರಿ ಇಲ್ಲ. ಎಷ್ಟು ಕಣ್ಣ ಮುಚ್ಚಿದರೂ ಬರೂದಿಲ್ಲ."

ಅವನ ಮದುವೆಯಿಂದ ಬರಿಗೈಯಲ್ಲಿ ಬಂದ ಕ್ಯಾಮೆರಾ ಗೋಡೆಯ ಗೂಟಕ್ಕೆ ತೂಗುತ್ತಿತ್ತು. ನಾನು ಆ ಕಡೆ ನೋಡದೆ ಕೆಲಸ ಮುಂದುವರಿಸಿದೆ.

ಐದರಲ್ಲಿ ಒಂದಕ್ಕೆ ಯಾರದೋ ರುಮಾಲು ಅಡ್ಡ, ಎರಡಕ್ಕೆ ಹೂವಿನ ಸರ ಅಡ್ಡ, ಒಂದು ಹೆಗಲು ಬದಲಿಸುವಾಗ ಅಲುಗಿತ್ತು. ಉಳಿದದ್ದು ಒಂದೇ. ಅದರ ಕಾಗದವನ್ನು ತಾಟಿಗೆ ಬಿಟ್ಟೆ. ಮೊದಲು ಆಕಾಶ ಕಪ್ಪಾಯಿತು. ಆಮೇಲೆ ಕಳಸ, ಹೂವು, ಮೂರು ಬೆರಳ ವಿಭೂತಿ, ವಿಭೂತಿಯ ಕೆಳಗೆ ಮುದುಕನ ಮುಖ. ಸುಸ್ತಾಗಿ ಊರಿಗೆ ಬಂದು ಕಟ್ಟೆಯ ಮೇಲೆ ಕೂತವನ ಮುಖ ಅದು. ಎಷ್ಟೋ ವಿಮಾನದ ಫೋಟೋ ತೆಗೆದಿದ್ದೇನೆ, ಹೀಗೆ ಒಂದೂ ಬಂದಿಲ್ಲ. ಹೊಟ್ಟೆಕಿಚ್ಚಾಯಿತು. ಆಗಲೇ ಕಳಸದ ಮೇಲ್ಗಡೆ ಇನ್ನೊಂದು ಮೂಡಿತು.

"ಅಲಿಸಾಬ, ವಿಮಾನ" ಎಂದೆ.

"ಹೂಂ, ಐರಣಿದು."

"ಅದಲ್ಲೋ. ಮ್ಯಾಲೆ ನೋಡು."

ಅವನು ಬಗ್ಗಿದ. ಮೂಗು ಔಷಧಿಗೆ ತಾಗುವಷ್ಟು ಬಗ್ಗಿದ. ಎರಡು ರೆಕ್ಕೆ, ಬಾಲ, ಹಿಂದೆ ಎಳೆದ ಬಿಳಿ ಗೆರೆ. ಅಂಚು ಸ್ವಲ್ಪ ಮೆತ್ತಗಿತ್ತು, ಆದರೆ ಕುರುಡನಿಗೂ ತಿಳಿಯುವಂತಿತ್ತು.

"ಜಹಾಜ್" ಎಂದು ಅವನು ಮೆಲ್ಲಗೆ ಹೇಳಿದ. ತಾಟಿನಿಂದ ಕಣ್ಣು ತೆಗೆಯದೆ, "ಎರಡು ವರ್ಷ ಅದರ ಸದ್ದು ಕಾದು ಕುಂತೇನಿ. ಅವತ್ತ ಕೇಳೇ ಇಲ್ಲ ನೋಡು" ಎಂದ.

ಗಂಡನ ದಿನಕರ್ಮದ ಶಿವಗಣಾರಾಧನೆ ಮುಗಿಸಿಕೊಂಡು ಫಕ್ಕೀರವ್ವ ಫೋಟೋಕ್ಕೆ ಬಂದಳು. ಅವತ್ತು ಹಜರತಅಲಿ ಬೆಳಿಗ್ಗೆಯಿಂದ ನಮ್ಮ ಬೆಂಚಿನ ಮೇಲೆಯೇ ಕೂತಿದ್ದ. ಅವಳು ಫೋಟೋವನ್ನು ಎರಡೂ ಕೈಯಲ್ಲಿ ಹಿಡಿದು ನೋಡಿದಳು. ಗಂಡನ ಮುಖವನ್ನು ಹೆಬ್ಬೆರಳಿನಿಂದ ಸವರಿದಳು. "ವಿಮಾನ ಭಾಳ ಚಂದ ಬಂದೈತ್ರಿ" ಎಂದಳು.

ಹಜರತಅಲಿ ಬೆಂಚಿನಿಂದ ಎದ್ದುಬಿಟ್ಟ. ಎರಡು ವರ್ಷ ಅವನು ನನ್ನೊಬ್ಬನನ್ನು ಬಿಟ್ಟು ಇನ್ಯಾರ ಬಾಯಿಂದಲೂ ಕೇಳದ ಮಾತು. "ಯಾವುದವ್ವಾ?" ಎಂದು ಕೇಳಿದ.

"ಇದ ಯಪ್ಪಾ" ಎಂದು ಅವಳು ಬಾಳೆದಿಂಡಿನ ಮಂಟಪ ತೋರಿಸಿದಳು. ಆಮೇಲೆ ಅವಳ ಬೆರಳು ಮೇಲಕ್ಕೆ ಹೋಯಿತು. "ಇಲ್ಲೊಂದು ಗೀರು ಬಿದ್ದೈತಲ್ಲ. ಅವರ ತಲಿ ಮ್ಯಾಲೇ ಬಿದ್ದೈತಿ. ಕೈಲಾಸಕ್ಕ ಹೋಗೋ ಹಾದ್ಯಾಗ ಅಡ್ಡ ಎಳದಂಗ ಕಾಣತೈತಿ. ಅಳಸಾಕ ಬರತೈತೇನ್ರಿ?"

ನನಗೆ ಸಿಟ್ಟು ಬಂತು. ಮುದುಕಿಯ ಮೇಲಲ್ಲ, ಯಾರ ಮೇಲೆ ಎಂದು ಹೇಳಲೂ ಬಾರದು. ಅದು ಗೀರಲ್ಲ ತಾಯಿ, ಅದಕ್ಕಾಗಿ ಈ ಮನುಷ್ಯ ಎಷ್ಟು ಬಿಸಿಲು ತಿಂದಿದ್ದಾನೆ ಗೊತ್ತೇನು ಎಂದು ಹೇಳಲು ಬಾಯಿ ತೆರೆದೆ. ಹಜರತಅಲಿ ನನ್ನ ತೋಳು ಹಿಡಿದ.

"ಹೌದವ್ವಾ, ಗೀರು. ಫಿಲ್ಮಿಗೆ ಬಿದ್ದದ. ಅಳಸತೀವಿ."

"ನಮ್ಮ ಹೆಣ್ಣಮಕ್ಕಳ ಮನಿಗೂ ಒಂದೊಂದು ಬೇಕು. ಕುಮಾರಪಟ್ಟಣಕ್ಕೊಂದು, ದೇವರಗುಡ್ಡಕ್ಕೊಂದು" ಎಂದು ಹೇಳಿ, ಆ ಫೋಟೋವನ್ನು ನಮ್ಮ ಕೈಯಲ್ಲಿಟ್ಟು, ಮತ್ತೆ ಬರುತ್ತೇನೆ ಎಂದು ಅವಳು ಹೋದಳು.

ಹೋದ ಮೇಲೆ ನಾನು ಕೂಗಾಡಿದೆ. ಫೋಟೋದ ಮೇಲೆ ಮಸಿ ಹಚ್ಚಿದರೆ ಸಾಕು, ಫಿಲ್ಮಿನಲ್ಲಿ ಇದ್ದದ್ದು ಇರಲಿ, ನಿನಗೆ ಬೇಕಾದಾಗ ತೆಗೆದುಕೊಡುತ್ತೇನೆ ಎಂದೆ. ಅವನು ಕೇಳಲಿಲ್ಲ.

"ನಾಳೆ ಇನ್ನೊಂದು ಪ್ರತಿ ತಗೀವಾಗ ನೀ ಮರೀತಿ. ಅವ್ವನ ಕೈಗೆ ಮತ್ತ ಗೀರು ಹೋಗತದ. ಅವರು ದಿನಾ ಗ್ವಾಡಿಮ್ಯಾಲೆ ನೋಡೂದದು. ದಿನಾ ಅಡ್ಡ ಕಾಣಬೇಕೇನು?"

"ನಿನ್ನ ವಿಮಾನ ಅಲ್ಲೇನೋ ಅದು?"

"ನನ್ನ ಜಹಾಜ್ ನಾಳೆ ಮತ್ತ ಬರತದ. ಆ ಹಿರ್ಯಾ ಬರೂದಿಲ್ಲ."

ಫಿಲ್ಮಿನ ಮೇಲೆ ಅದು ಸಾಸಿವೆಗಿಂತ ಸಣ್ಣದು. ಕೆರೆದು ತೆಗೆಯಲು ನನ್ನ ಕೈ ಬರಲಿಲ್ಲ. ಅವನೇ ಕೂತ. ಭೂತಗಾಜಿನ ಕೆಳಗೆ ಫಿಲ್ಮ್ ಇಟ್ಟು, ಮೊಣಕೈ ಊರಿ, ಬಿಸ್ಮಿಲ್ಲಾ ಎಂದು ಉಸಿರು ಹಿಡಿದು, ಚೂಪಾದ ಬ್ಲೇಡಿನ ತುದಿಯಿಂದ ಮೊದಲು ಗೆರೆ, ಆಮೇಲೆ ಬಾಲ, ಆಮೇಲೆ ಒಂದೊಂದೇ ರೆಕ್ಕೆ ಕೆರೆದ. ಕೈ ಒಂದಿಷ್ಟೂ ಅಲುಗಲಿಲ್ಲ. ವಿಮಾನದ ಹಿಂದೆ ತಿರುಗಿ ಕಲಿತ ಕೈ ಅದು. ಮುಗಿದ ಮೇಲೆ ಫಿಲ್ಮನ್ನು ಬೆಳಕಿಗೆ ಹಿಡಿದು ನೋಡಿದೆ. ಮುದುಕನ ಮೇಲೆ ಆಕಾಶ ಖಾಲಿಯಾಗಿತ್ತು.

ಮೊದಲ ಫೋಟೋ ಮೇಜಿನ ಮೇಲೆಯೇ ಇತ್ತು. ವಿಮಾನವಿದ್ದದ್ದು ಲೋಕದಲ್ಲಿ ಅದೊಂದೇ. "ಇದನ್ನರ ಒಯ್ಯೋ ಮಾರಾಯ" ಎಂದೆ. ಸತ್ತವರ ಫೋಟೋವನ್ನು ಮನೆಯಲ್ಲಿಟ್ಟುಕೊಳ್ಳುವುದು ಅವರಲ್ಲಿ ಇಲ್ಲ. ಬಹಳ ಹೊತ್ತು ಅನುಮಾನಿಸಿದ. ಕೊನೆಗೆ ಪೇಪರಿನಲ್ಲಿ ಸುತ್ತಿಕೊಂಡು, ಮರುದಿನ ನೀರು ಬಿಟ್ಟಾದ ಮೇಲೆ ಬ್ಯಾಡಗಿಗೆ ಹೋದ.

ಸಂಜೆಯ ರೈಲಿಗೆ ಬಂದವನು ಸೀದಾ ಸ್ಟುಡಿಯೋಕ್ಕೆ ಬಂದ. ಕೈಯಲ್ಲಿ ಪೇಪರಿನ ಸುತ್ತು ಇರಲಿಲ್ಲ. ಬೆಂಚಿನ ಮೇಲೆ ಕೂತ.

"ಬೈದ್ಲೇನು, ಹೆಣದ ಫೋಟೋ ಯಾಕ ತಂದಿ ಅಂತ?"

"ಬೈತಾಳಂತ ಅನ್ಕೊಂಡಿದ್ದೆ. ಸೆರಗಿಗೆ ಕೈ ಒರಿಸ್ಕೊಂಡು ಇಸ್ಕೊಂಡ್ಲು. ತಲಿ ಎತ್ತಿ ಬೆಳಕಿಗೆ ಹಿಡದ್ಲು." ಅವನೂ ಕೈ ಎತ್ತಿ ಹಿಡಿದು ತೋರಿಸಿದ. "ನಾ ಏನೂ ಹೇಳಲಿಲ್ಲ, ಚನ್ನಬಸಣ್ಣ. ಆ ಹಿರ್ಯಾನ ಕಡೆ ಬೆರಳ ಹೋಗಲೇ ಇಲ್ಲ. ಸೀದಾ ಮ್ಯಾಲೆ ಇಟ್ಲು. ಜಹಾಜ್, ಅಂದ್ಲು."

"ಆಮ್ಯಾಲೆ?"

"ಆಮ್ಯಾಲೇನು? ಮತ್ತ ತೊಟ್ಟು ಮುರಿಯಾಕ ಹತ್ತಿದ್ಲು."

ಅವನ ಕಣ್ಣಿಂದ ನೀರು ಇಳಿಯುತ್ತಿತ್ತು. ಬ್ಯಾಡಗಿಯಿಂದ ಬಂದವನಲ್ಲವೇ, ನಾನು ಏನೂ ಕೇಳದೆ ಒಂದು ತಂಬಿಗೆ ನೀರು ತಂದು ಅವನ ಮುಂದಿಟ್ಟೆ.